ತಟಸ್ಥ ಗ್ರಹಗಳನ್ನು ಏನು ಮಾಡುವುದು? ಆರನೆಯ ಸುತ್ತಿಗೇ ಎಲ್ಲವೂ ಯಾರದೋ ಪಾಲಾಗಿರುತ್ತವೆ

ನಕ್ಷೆಗಾರ

ಎಂಟು ಜನ ಆಡುವ, 40 ಸುತ್ತುಗಳ ಅಂತರತಾರಾ ಯುದ್ಧದಾಟವನ್ನು ಮೂರನೆಯ ಬಾರಿಗೆ ನಡೆಸಲು ಕುಳಿತಿದ್ದೇನೆ. ನಕ್ಷೆಯಲ್ಲಿ 120 ಗ್ರಹಗಳು. ಅವುಗಳಲ್ಲಿ 36 ತಟಸ್ಥ: ಸ್ವಂತ ಜನ, ಸ್ವಂತ ಸರ್ಕಾರ, ನಾಲ್ಕು ನೌಕೆಗಳ ಕಾವಲು, ಯಾರ ಪಕ್ಷಕ್ಕೂ ಸೇರಿಲ್ಲ. ಆಟಗಾರರು ವಾರಕ್ಕೊಮ್ಮೆ ಗುಟ್ಟಾಗಿ ಆದೇಶ ಕಳುಹಿಸುತ್ತಾರೆ, ನಾನು ಎಲ್ಲವನ್ನೂ ಒಟ್ಟಿಗೆ ತೆರೆದು ಫಲಿತಾಂಶ ತಿಳಿಸುತ್ತೇನೆ.

ಹಿಂದಿನ ಎರಡು ಆಟಗಳಲ್ಲೂ ಒಂದೇ ಕಥೆ. ಆರನೆಯ ಸುತ್ತು ಮುಗಿಯುವ ಹೊತ್ತಿಗೆ ನಕ್ಷೆಯಲ್ಲಿ ಹೆಸರಿಗೆ ಒಂದು ತಟಸ್ಥ ಗ್ರಹವೂ ಉಳಿದಿರಲಿಲ್ಲ. ಪ್ರತಿಯೊಂದಕ್ಕೂ ನಾನು ಅರ್ಧ ಪುಟದ ಇತಿಹಾಸ ಬರೆದಿದ್ದೆ. ಅಲ್ಲಿನ ಮಂಡಳಿಗೆ ಏನು ಬೇಕು, ಯಾರನ್ನು ಕಂಡರೆ ಆಗದು, ಹಿಂದೆ ಯಾರ ಕೈಯಲ್ಲಿ ಏಟು ತಿಂದಿದೆ ಎಂಬುದೆಲ್ಲ ಇತ್ತು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನೌಕೆ ಕಳುಹಿಸಿದರು, ಹಿಡಿದರು, ಮುಂದೆ ಹೋದರು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಯಾರ ತವರು ಗ್ರಹದ ಸುತ್ತ ಆರು ತಟಸ್ಥ ಗ್ರಹಗಳಿದ್ದವೋ ಅವರೇ ಎರಡೂ ಸಲ ಗೆದ್ದರು. ಮೂರು ಮಾತ್ರ ಇದ್ದವರು ಹದಿನೈದನೆಯ ಸುತ್ತಿಗೆ ಕೈಚೆಲ್ಲಿ ಕುಳಿತರು. ನಲವತ್ತು ವಾರ ಜೊತೆಗಿರಬೇಕಾದವರಿಗೆ ಹದಿನೈದನೆಯ ವಾರದಲ್ಲೇ ಆಟ ಮುಗಿದಿತ್ತು. ಇದು ನನ್ನನ್ನು ನಿಜಕ್ಕೂ ಕಾಡುತ್ತಿದೆ.

ಕಾವಲನ್ನು ನಾಲ್ಕರಿಂದ ಆರಕ್ಕೆ ಏರಿಸುವ ಯೋಚನೆಯಲ್ಲಿದ್ದೇನೆ. ಅಷ್ಟು ಸಾಕಾದೀತೇ?

ಲೆಕ್ಕಿಗ

ಸಾಲದು. ಏಕೆಂದು ಲೆಕ್ಕದಲ್ಲೇ ತೋರಿಸುತ್ತೇನೆ.

ನಿಮ್ಮ ಕಾಳಗದಲ್ಲಿ ಎಲ್ಲ ನೌಕೆಗಳೂ ಒಟ್ಟಿಗೆ ಗುಂಡು ಹಾರಿಸುತ್ತವೆ, ಯಾರು ಯಾರ ಮೇಲಾದರೂ ಹಾರಿಸಬಹುದು ಎಂದುಕೊಳ್ಳುತ್ತೇನೆ. ಹಾಗಿದ್ದರೆ ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಪ್ರಕಟಿಸಿದ ವರ್ಗ ನಿಯಮ ಇಲ್ಲಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಪಡೆಯ ಬಲ ಅದರ ಸಂಖ್ಯೆಯ ವರ್ಗದಷ್ಟು. ನಾಲ್ಕು ನೌಕೆಗಳ ಕಾವಲಿನ ಮೇಲೆ ಐದು ನೌಕೆ ಬಂದರೆ 25ರಲ್ಲಿ 16 ಕಳೆದು 9, ಅದರ ವರ್ಗಮೂಲ 3. ದಾಳಿ ಮಾಡಿದವನು ಎರಡು ನೌಕೆ ಕಳೆದುಕೊಂಡ. ಈಗ ಕಾವಲನ್ನು ಆರು ಮಾಡಿ. ಆಟಗಾರ ಹತ್ತು ನೌಕೆ ಕೂಡಿಸಿಕೊಂಡು ಬರುತ್ತಾನೆ. 100ರಲ್ಲಿ 36 ಕಳೆದರೆ 64, ವರ್ಗಮೂಲ 8. ಅವನು ಕಳೆದುಕೊಂಡದ್ದು ಮತ್ತೆ ಎರಡೇ.

ಅಂದರೆ ಕಾವಲು ಏರಿಸಿದರೆ ಗ್ರಹ ಬೀಳುವುದು ತಪ್ಪುವುದಿಲ್ಲ, ಆರನೆಯ ಸುತ್ತಿನ ಬದಲು ಹತ್ತನೆಯ ಸುತ್ತಿನಲ್ಲಿ ಬೀಳುತ್ತದೆ, ಅಷ್ಟೇ. ಅದಕ್ಕೂ ಕೆಟ್ಟದ್ದೆಂದರೆ ಆಗಲೇ ದೊಡ್ಡ ಪಡೆ ಇರುವವನಿಗೆ ಇದು ಅನುಕೂಲ. ಹತ್ತು ನೌಕೆ ತರುವ ಶಕ್ತಿ ಇಲ್ಲದವನಿಗೆ ಬಾಗಿಲೇ ಮುಚ್ಚಿದಂತೆ.

ಹಳೆಯ ಆಟಗಾರ

ತಟಸ್ಥ ಗ್ರಹಗಳು ಬೇಗ ಬೀಳುವುದೇ ತಪ್ಪು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಲನ್ ಕ್ಯಾಲಹ್ಯಾಮರ್ 1959ರಲ್ಲಿ ಹೊರತಂದ ಡಿಪ್ಲೊಮಸಿ ಎಂಬ ಯುರೋಪ್ ನಕ್ಷೆಯ ಆಟದಲ್ಲಿ 34 ಸರಬರಾಜು ಕೇಂದ್ರಗಳಿವೆ, ಅವುಗಳಲ್ಲಿ 12 ಮೊದಲಿಗೆ ಯಾರವೂ ಅಲ್ಲ. ಕಾವಲು ಎಂಬುದೇ ಇಲ್ಲ, ಹೋಗಿ ನಿಂತರೆ ನಿಮ್ಮದು. ಬಹುಮಟ್ಟಿಗೆ ಆಟದೊಳಗಿನ ಎರಡು ಮೂರು ವರ್ಷಗಳಲ್ಲಿ ಎಲ್ಲವೂ ಮುಗಿಯುತ್ತವೆ. ಆದರೂ ಆ ಆಟ ಕೆಡುವುದಿಲ್ಲ.

ಏಕೆ ಕೆಡುವುದಿಲ್ಲ ಎಂಬುದಕ್ಕೆ ಬೆಲ್ಜಿಯಂ ನೋಡಿ. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ ಮೂವರ ಕೈಯೂ ಅಲ್ಲಿಗೆ ತಲುಪುತ್ತದೆ. ಒಬ್ಬನೇ ಹೋದರೆ ಇನ್ನಿಬ್ಬರಲ್ಲಿ ಒಬ್ಬ ತಡೆಯುತ್ತಾನೆ. ಹಾಗಾಗಿ ಮೊದಲ ಚಲನೆಗೂ ಮುಂಚೆಯೇ ಮೂವರೂ ಮಾತಿಗೆ ಕೂರಬೇಕಾಗುತ್ತದೆ. ಒಂದು ಖಾಲಿ ಚೌಕ ಅಷ್ಟು ಮಾತು ಹುಟ್ಟಿಸುತ್ತದೆ.

ನಕ್ಷೆಗಾರರೇ, ನಿಮ್ಮ 36 ಗ್ರಹಗಳಲ್ಲಿ ಎಷ್ಟು ಇಬ್ಬರು ಆಟಗಾರರಿಗೆ ಒಂದೇ ಸುತ್ತಿನಲ್ಲಿ ನಿಲುಕುತ್ತವೆ? ನನ್ನ ಊಹೆ, ಹೆಚ್ಚಿನವು ಒಬ್ಬೊಬ್ಬರ ತವರಿನ ಬೆನ್ನಿಗೆ ಅಂಟಿಕೊಂಡಿವೆ. ಅವು ತಟಸ್ಥ ಗ್ರಹಗಳಲ್ಲ, ತಡವಾಗಿ ಸಿಗುವ ತವರು ಗ್ರಹಗಳು. ಮೊದಲು ಅವುಗಳ ಜಾಗ ಬದಲಿಸಿ. ನಿಯಮ ಆಮೇಲೆ.

ನಕ್ಷೆಗಾರ

ಎಣಿಸಿದೆ. 36ರಲ್ಲಿ 25 ಗ್ರಹಗಳು ಒಬ್ಬರಿಗೆ ಮಾತ್ರ ನಿಲುಕುತ್ತವೆ. ನೀವು ಹೇಳಿದ್ದು ಸರಿ. ನಕ್ಷೆ ಬಿಡಿಸುವಾಗ ಅಂದಕ್ಕೆ ನೋಡಿದೆನೇ ಹೊರತು ದೂರ ಅಳೆಯಲಿಲ್ಲ. ಈ ವಾರ ಅದನ್ನು ತಿದ್ದುತ್ತೇನೆ.

ಆದರೂ ಜಾಗ ಒಂದೇ ಸಾಲದು ಎನಿಸುತ್ತಿದೆ. ಬೆಲ್ಜಿಯಂ ಚೌಕದಲ್ಲಿ ಜನ ಇಲ್ಲ. ನನ್ನ ಗ್ರಹಗಳಲ್ಲಿ ಜನ ಇದ್ದಾರೆ, ಅವರಿಗೂ ಒಂದು ಮಾತು ಇರಬೇಕೆಂಬ ಆಸೆ ನನ್ನದು.

ಮೂರನೆಯ ಚಂದ್ರ

ಜನ ಇದ್ದಾರೆ ಎಂದರೆ ಏನು ಎಂಬುದನ್ನು ನಾನು ಕಲಿತದ್ದು ವಿಜಿಎ ಪ್ಲಾನೆಟ್ಸ್ ಆಟದಲ್ಲಿ. ಟಿಮ್ ವಿಸ್ಸೆಮನ್ 1992ರಲ್ಲಿ ಮಾಡಿದ್ದು. 11 ಆಟಗಾರರು, 500 ಗ್ರಹಗಳು, ನಿಮ್ಮಂತೆಯೇ ಆದೇಶದ ಕಡತ ಕಳುಹಿಸಿ ಫಲಿತಾಂಶಕ್ಕೆ ಕಾಯುವ ಆಟ. ಅಲ್ಲಿ ಮೂಲನಿವಾಸಿಗಳಿರುವ ಗ್ರಹವನ್ನು ಯುದ್ಧ ಮಾಡಿ ಗೆಲ್ಲುವ ಮಾತೇ ಇಲ್ಲ. ನಿಮ್ಮ ಜನರನ್ನು ಇಳಿಸುತ್ತೀರಿ, ಅವರ ಪಕ್ಕದಲ್ಲಿ ಬದುಕುತ್ತೀರಿ, ತೆರಿಗೆ ಕೇಳುತ್ತೀರಿ. ಹೆಚ್ಚು ಕೇಳಿದರೆ ಅವರ ಸಂತೋಷ ಇಳಿಯುತ್ತದೆ, ತೀರಾ ಇಳಿದರೆ ದಂಗೆ.

ಮತ್ತೆ ಒಬ್ಬರಂತೆ ಒಬ್ಬರಿಲ್ಲ. ಸರೀಸೃಪ ಜನರಿದ್ದಲ್ಲಿ ಗಣಿಗಾರಿಕೆ ಎರಡರಷ್ಟು. ಗೋವಿನಂಥ ಜನರು ಸಾಮಗ್ರಿ ಒದಗಿಸುತ್ತಾರೆ. ಆಕಾರವಿಲ್ಲದ ಜೀವಿಗಳಿದ್ದಲ್ಲಿ ತೆರಿಗೆ ಸಿಗುವುದಿರಲಿ, ಪ್ರತಿ ಸುತ್ತಿಗೂ ನೀವು ಇಳಿಸಿದವರಲ್ಲೇ 500 ಜನರನ್ನು ಅವು ತಿಂದುಹಾಕುತ್ತವೆ. ಆಡಳಿತ ಪದ್ಧತಿಯ ಮೇಲೂ ಆದಾಯ ನಿಂತಿದೆ: ಅರಾಜಕತೆ ಇರುವ ಗ್ರಹ ಸಾಮಾನ್ಯದ 20 ಶೇಕಡಾ ಕೊಟ್ಟರೆ, ಪೂರ್ತಿ ಒಗ್ಗಟ್ಟಿನ ಗ್ರಹ 180 ಶೇಕಡಾ ಕೊಡುತ್ತದೆ. ತೆರಿಗೆ ವಸೂಲಿಗೆ ಕೈಗಳೂ ಬೇಕು, ಒಂದು ಮೆಗಾಕ್ರೆಡಿಟ್‌ಗೆ (ಅಲ್ಲಿನ ಹಣ) ನಿಮ್ಮ ಕಡೆಯ 100 ಜನ ಅಲ್ಲಿರಬೇಕು.

ಆಗ ಒಂದು ಗ್ರಹ ಸಿಕ್ಕರೆ ಮೊದಲು ಓದುತ್ತಿದ್ದೆವು. ಯಾರಿದ್ದಾರೆ, ಹೇಗೆ ಆಳಿಕೊಳ್ಳುತ್ತಾರೆ, ಎಷ್ಟು ಕೇಳಿದರೆ ತಡೆದುಕೊಳ್ಳುತ್ತಾರೆ. ನೀವು ಬರೆದ ಅರ್ಧ ಪುಟವನ್ನು ಯಾರೂ ಓದದಿರಲು ಕಾರಣ ಅವರ ಸೋಮಾರಿತನವಲ್ಲ. ಓದಿದವನಿಗೂ ಓದದವನಿಗೂ ಸಿಗುವುದು ಒಂದೇ ಆಗಿತ್ತು.

ಲೆಕ್ಕಿಗ

ಚಂದ್ರ ಅವರ ಕೊನೆಯ ವಾಕ್ಯಕ್ಕೆ ಸಂಖ್ಯೆ ಹಚ್ಚುತ್ತೇನೆ. ನಕ್ಷೆಗಾರರ ಹಳೆಯ ನಿಯಮಗಳಲ್ಲಿ ಒಂದು ನೌಕೆಗೆ 10 ನಾಣ್ಯ, ಹಿಡಿದ ಗ್ರಹದಿಂದ ಸುತ್ತಿಗೆ 6 ನಾಣ್ಯ, ಒಪ್ಪಂದ ಮಾಡಿಕೊಂಡರೆ 3 ನಾಣ್ಯ, ಒಪ್ಪಂದದ ಖರ್ಚು 15. ನಾಲ್ಕನೆಯ ಸುತ್ತಿನಲ್ಲಿ ಹಿಡಿದವನಿಗೆ ಉಳಿದ 36 ಸುತ್ತುಗಳಲ್ಲಿ 216 ಬರುತ್ತದೆ, ಸತ್ತ ಎರಡು ನೌಕೆಗಳ 20 ಕಳೆದರೆ 196. ಒಪ್ಪಂದ ಮಾಡಿಕೊಂಡವನಿಗೆ 108ರಲ್ಲಿ 15 ಕಳೆದು 93. ಅರ್ಧಕ್ಕಿಂತ ಕಡಿಮೆ. ಇಂಥ ನಿಯಮದಲ್ಲಿ ದಾಳಿ ಮಾಡದವನೇ ದಡ್ಡ.

ಹೀಗೆ ಮಾಡಿ ನೋಡಿ. ಬಲವಂತವಾಗಿ ಹಿಡಿದ ಗ್ರಹ ಮೊದಲ ಹತ್ತು ಸುತ್ತು 2 ನಾಣ್ಯ ಮಾತ್ರ ಕೊಡಲಿ, ಆಮೇಲೆ 6. ಅಲ್ಲಿ ಎರಡು ನೌಕೆ ಕೊನೆಯವರೆಗೂ ನಿಂತಿರಲೇಬೇಕು, ಒಂದೊಂದಕ್ಕೂ ಸುತ್ತಿಗೆ 1 ನಾಣ್ಯ ನಿರ್ವಹಣೆ. ನಾಲ್ಕನೆಯ ಸುತ್ತಿನ ದಾಳಿಗೆ ಈಗ ಬರುವುದು 20 ಮತ್ತು 156, ಒಟ್ಟು 176. ಅದರಲ್ಲಿ ನಷ್ಟದ 20, ನಿರ್ವಹಣೆಯ 72 ಕಳೆಯಿರಿ, ಉಳಿಯುವುದು 84. ಒಪ್ಪಂದದ 93ಕ್ಕೆ ಹತ್ತಿರ. ಗ್ರಹ ಪೂರ್ತಿ ತನ್ನದಾಗಲಿ ಎನ್ನುವವನು 84 ಆರಿಸಿಕೊಳ್ಳುತ್ತಾನೆ, ನೌಕೆಗಳು ಬೇರೆಡೆ ಬೇಕೆನ್ನುವವನು 93. ಇಪ್ಪತ್ತನೆಯ ಸುತ್ತಿನಲ್ಲಿ ಅದೇ ಲೆಕ್ಕ ಹಾಕಿದರೆ ದಾಳಿಗೆ 20, ಒಪ್ಪಂದಕ್ಕೆ 45. ಆಟದ ನಡುವಿಗೆ ಬಂದ ಮೇಲೆ ತಟಸ್ಥ ಗ್ರಹವನ್ನು ಹಿಡಿಯಬೇಕಾದರೆ ಹಣಕ್ಕಿಂತ ಬೇರೆ ಕಾರಣ ಇರಬೇಕಾಗುತ್ತದೆ. ಅಂಥ ಕಾರಣಗಳೇ ಆಟಕ್ಕೆ ರುಚಿ.

ದೂತ

ಇಷ್ಟೆಲ್ಲ ಮಾತಿನಲ್ಲೂ ಪ್ರತಿ ಗ್ರಹವನ್ನು ಒಂಟಿಯಾಗಿಯೇ ನೋಡುತ್ತಿದ್ದೇವೆ. ಒಂದು ತಟಸ್ಥ ಗ್ರಹ ಬಿದ್ದರೆ ಉಳಿದ 35 ನೋಡುತ್ತಿರುತ್ತವೆ ಅಲ್ಲವೇ?

ಆ್ಯಕ್ಸಿಸ್ ಆ್ಯಂಡ್ ಅಲೈಸ್ ಆಟದ 1984ರ ಪೆಟ್ಟಿಗೆಯಲ್ಲಿ ತಟಸ್ಥ ದೇಶಕ್ಕೆ ಮೂರು ನಾಣ್ಯ ಕೊಟ್ಟು ಒಳಹೊಕ್ಕರೆ ಮುಗಿಯಿತು. ಆಮೇಲೆ ಬಂದ 1940ರ ಯುದ್ಧದ ಆವೃತ್ತಿಯಲ್ಲಿ ಕಟ್ಟುನಿಟ್ಟಿನ ತಟಸ್ಥ ದೇಶವೊಂದರ ಮೇಲೆ ದಾಳಿ ಮಾಡಿದರೆ ಉಳಿದ ಕಟ್ಟುನಿಟ್ಟಿನ ತಟಸ್ಥರೆಲ್ಲರೂ ಎದುರು ಪಕ್ಷದ ಕಡೆಗೆ ವಾಲುತ್ತಾರೆ. ಒಂದೇ ಸಾಲಿನ ನಿಯಮ, ಆದರೆ ಆಡುವವರು ಆ ಗಡಿಯ ಮುಂದೆ ಬಂದು ನಿಂತು ಯೋಚಿಸುವುದನ್ನು ನಾನು ಕಂಡಿದ್ದೇನೆ. ಇತಿಹಾಸದಲ್ಲೂ ಹಾಗೆಯೇ ಆಗಿದೆ. 1839ರ ಒಪ್ಪಂದ ಖಾತರಿ ಕೊಟ್ಟಿದ್ದ ಬೆಲ್ಜಿಯಂನೊಳಗೆ 1914ರ ಆಗಸ್ಟ್ 4ರಂದು ಜರ್ಮನಿ ಕಾಲಿಟ್ಟಿತು, ಅದೇ ದಿನ ಬ್ರಿಟನ್ ಯುದ್ಧಕ್ಕಿಳಿಯಿತು.

ಇನ್ನೊಂದು ಮಾತು. ತಟಸ್ಥ ಗ್ರಹ ಎಂದರೆ ಹಿಡಿಯುವುದು ಅಥವಾ ಬಿಡುವುದು ಎರಡೇ ಅಲ್ಲ. ಬಂದರು ಎಂಬ ಮೂರನೆಯ ದಾರಿ ಇದೆ. 1907ರ ಹೇಗ್ ಒಪ್ಪಂದದ ಪ್ರಕಾರ ಯುದ್ಧನಿರತ ದೇಶದ ನೌಕೆ ತಟಸ್ಥ ಬಂದರಿನಲ್ಲಿ ಸಾಮಾನ್ಯವಾಗಿ 24 ಗಂಟೆ ಮಾತ್ರ ತಂಗಬಹುದು. ಹಾನಿಯಾಗಿದ್ದರೆ ಕಾಲಾವಕಾಶ ಹೆಚ್ಚಿಸಬಹುದು, ಆದರೆ ಕಡಲಿಗೆ ಇಳಿಯಲು ಬೇಕಾದಷ್ಟು ದುರಸ್ತಿಗೆ ಮಾತ್ರ ಅವಕಾಶ, ಹೋರಾಡುವ ಬಲ ಹೆಚ್ಚಿಸಿಕೊಳ್ಳುವಂತಿಲ್ಲ. ಎದುರಾಳಿಯ ವ್ಯಾಪಾರಿ ಹಡಗು ಆ ಬಂದರಿನಿಂದ ಹೊರಟರೆ ಅದರ ನಂತರ 24 ಗಂಟೆ ಕಳೆಯುವವರೆಗೆ ಯುದ್ಧನೌಕೆ ಹೊರಡುವಂತಿಲ್ಲ.

1939ರ ಡಿಸೆಂಬರ್‌ನಲ್ಲಿ ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೀ ಏಟು ತಿಂದು ಉರುಗ್ವೆಯ ಮಾಂಟೆವಿಡಿಯೋ ಬಂದರು ಸೇರಿದಾಗ ನಡೆದದ್ದೆಲ್ಲ ಈ ನಿಯಮಗಳ ಮೇಲೆಯೇ. ಉರುಗ್ವೆ ಕೊಟ್ಟದ್ದು 72 ಗಂಟೆ. ಬ್ರಿಟಿಷರು ತಮ್ಮ ಸರಕು ಹಡಗುಗಳನ್ನು ಬೇಕೆಂದೇ ಹೊರಡಿಸಿ ಅದನ್ನು ಒಳಗೇ ಹಿಡಿದಿಟ್ಟರು, ಹೊರಗೆ ದೊಡ್ಡ ಪಡೆ ಕಾದಿದೆ ಎಂಬ ಸುಳ್ಳು ಸುದ್ದಿ ಹರಡಿದರು. ಡಿಸೆಂಬರ್ 17ರಂದು ನಾಯಕನೇ ತನ್ನ ಹಡಗನ್ನು ಮುಳುಗಿಸಿದ. ಒಂದು ಗುಂಡೂ ಹಾರಿಸದ ಸಣ್ಣ ದೇಶವೊಂದು ಯುದ್ಧನೌಕೆಯ ಗತಿ ನಿರ್ಧರಿಸಿತು. ನಕ್ಷೆಗಾರರೇ, ನಿಮ್ಮ ಆಟದಲ್ಲಿ ಇಂಥದ್ದೊಂದು ನಡೆದರೆ ಆಟಗಾರರು ವರ್ಷಗಟ್ಟಲೆ ಅದನ್ನೇ ಮಾತನಾಡುತ್ತಾರೆ.

ಗಡಿಕಾವಲು

ಇಲ್ಲಿ ಎಲ್ಲರೂ ಉತ್ಸಾಹದಲ್ಲಿದ್ದೀರಿ. ನಾನು ತಡೆಯಬೇಕಾಗಿದೆ, ಕ್ಷಮಿಸಿ.

ತಟಸ್ಥ ಗ್ರಹಕ್ಕೆ ಬುದ್ಧಿ ಕೊಡುತ್ತೇವೆ ಎಂದರೆ ಆ ಬುದ್ಧಿ ಯಾರದು? ಆಟ ನಡೆಸುವವರದು. ನಾನು ಆಡಿದ ಒಂದು ದೊಡ್ಡ ಆಟದಲ್ಲಿ 22ನೆಯ ಸುತ್ತಿನವರೆಗೆ ನಾನು ಮುಂದಿದ್ದೆ. ಆ ಸುತ್ತಿನ ಫಲಿತಾಂಶ ತೆರೆದಾಗ ನನ್ನ ಸರಬರಾಜು ದಾರಿಯ ಮೇಲಿದ್ದ ಎರಡು ತಟಸ್ಥ ಗ್ರಹಗಳು ಎದುರಾಳಿಯ ಜೊತೆ ಸೇರಿದ್ದವು. ನಾನು ಅವರನ್ನು ಮುಟ್ಟಿರಲಿಲ್ಲ. ಕಾರಣ ಕೇಳಿದರೆ ‘ಮಂಡಳಿಗೆ ಹಾಗೆ ತೋಚಿತು’ ಎಂಬ ಉತ್ತರ. ಮುಂದೆ ಓಡುತ್ತಿರುವವನ ಕಾಲಿಗೆ ಹಗ್ಗ ಕಟ್ಟುವ ಕೆಲಸ ಅದು ಎಂದು ನನಗೆ ಅನಿಸಿತು, ಇಂದಿಗೂ ಅನಿಸುತ್ತದೆ. ಆ ಮೇಲೆ ಆ ಗುಂಪಿನಲ್ಲಿ ನಾನು ಆಡಿಲ್ಲ.

ನಿಯಮ ಮೊದಲೇ ಬರೆದು ಎಲ್ಲರ ಕೈಗೂ ಕೊಟ್ಟಿರಬೇಕು. ಟ್ವೈಲೈಟ್ ಇಂಪೀರಿಯಂ ಎಂಬ ಅಂತರತಾರಾ ಆಟ ನೋಡಿ. ನಡುವಿನ ಮೆಕಾಟೋಲ್ ರೆಕ್ಸ್ ಗ್ರಹವನ್ನು ಯಾರೂ ಸುಮ್ಮನೆ ಹೊಕ್ಕು ಹಿಡಿಯಲಾರರು, ಆರು ಪ್ರಭಾವ ವ್ಯಯಿಸಿ ಕಾವಲುಗಾರರನ್ನು ತೆಗೆಸಬೇಕು, ನೆಲಸೇನೆ ಇಳಿಸಬೇಕು, ಆಗ ಒಂದು ಅಂಕ. ಆಮೇಲಿನಿಂದ ಪ್ರತಿ ಸುತ್ತೂ ಎಲ್ಲರೂ ಮತ ಹಾಕುವ ಸಭೆ ಶುರುವಾಗುತ್ತದೆ. ಬೆಲೆ ಎಲ್ಲರಿಗೂ ಗೊತ್ತು, ಪರಿಣಾಮ ಎಲ್ಲರಿಗೂ ಗೊತ್ತು. ಯಾರ ಮರ್ಜಿಯೂ ನಡುವೆ ಬರುವುದಿಲ್ಲ.

ಮೂರನೆಯ ಚಂದ್ರ

ಗಡಿಕಾವಲು ಅವರಿಗೆ ಆದ ಅನ್ಯಾಯ ನಿಜ. ಆದರೆ ಪೂರ್ತಿ ತೆರೆದಿಟ್ಟ ನಿಯಮದಲ್ಲಿ ಗ್ರಹ ಮತ್ತೆ ಬೆಲೆಪಟ್ಟಿಯಾಗಿಬಿಡುತ್ತದೆ. ನಿಯಮ ತೆರೆದಿರಲಿ, ಆ ಗ್ರಹದ ಸ್ಥಿತಿ ಮುಚ್ಚಿರಲಿ. ಯಾವ ಕೆಲಸಕ್ಕೆ ವಿಶ್ವಾಸ ಎಷ್ಟು ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಲಿ, ಈಗ ವಿಶ್ವಾಸ ಎಷ್ಟಿದೆ ಎಂಬುದನ್ನು ದೂತರನ್ನು ಕಳುಹಿಸಿಯೇ ತಿಳಿಯಬೇಕು. ಆಟ ಮುಗಿದ ಮೇಲೆ ಇಡೀ ಪಟ್ಟಿ ಬಯಲಿಗಿಡಿ. ಸಂಶಯ ಇದ್ದವರು ಸುತ್ತು ಸುತ್ತಾಗಿ ಪರೀಕ್ಷಿಸಿಕೊಳ್ಳಲಿ.

ಗಡಿಕಾವಲು

ಆಟ ಮುಗಿದ ಮೇಲೆ ಪಟ್ಟಿ ಬಯಲಿಗಿಡುವುದಾದರೆ ಒಪ್ಪುತ್ತೇನೆ. ನನಗೆ ಆಗ ಬೇಕಾಗಿದ್ದುದೂ ಅಷ್ಟೇ.

ಹಳೆಯ ಆಟಗಾರ

ಪದದ ಬಗ್ಗೆ ಒಂದು ಮಾತು, ಏಕೆಂದರೆ ಅದರಿಂದ ನಿಯಮಕ್ಕೂ ಪ್ರಯೋಜನವಿದೆ. ತಟಸ್ಥ ಎಂದು ಒಂದೇ ಹೆಸರಿನಲ್ಲಿ ಎಲ್ಲವನ್ನೂ ಕಟ್ಟಿಹಾಕುತ್ತಿದ್ದೇವೆ. ಕೌಟಿಲ್ಯನ ರಾಜಮಂಡಲದಲ್ಲಿ ಇಬ್ಬರು ಬೇರೆ ಬೇರೆ. ಗೆಲ್ಲಬಯಸುವವನಿಗೂ ಅವನ ಶತ್ರುವಿಗೂ ಗಡಿ ಹಂಚಿಕೊಂಡು, ಇಬ್ಬರಿಗೂ ನೆರವಾಗಬಲ್ಲವನು ಮಧ್ಯಮ. ಈ ಎಲ್ಲರಿಂದಲೂ ದೂರದಲ್ಲಿದ್ದು ಎಲ್ಲರಿಗಿಂತ ಬಲಶಾಲಿಯಾದವನು ಉದಾಸೀನ. ಇವತ್ತಿನ ಮಾತಿನಲ್ಲಿ ಉದಾಸೀನ ಎಂದರೆ ಅಸಡ್ಡೆ. ಅಲ್ಲಿ ಹಾಗಲ್ಲ, ಪಕ್ಕದಲ್ಲಿ ಕುಳಿತು ನೋಡುತ್ತಿರುವ ದೊಡ್ಡ ಶಕ್ತಿ.

ನಕ್ಷೆಯಲ್ಲಿ ಎರಡೂ ಬೇಕು. ಮಧ್ಯಮ ಗ್ರಹಗಳು ಆಟಗಾರರ ನಡುವೆ, ದುರ್ಬಲವಾದರೂ ದಾರಿಯ ಮೇಲೆ. ಉದಾಸೀನ ಲೋಕ ಒಂದೋ ಎರಡೋ, ನಕ್ಷೆಯ ಅಂಚಿನಲ್ಲಿ, ಯಾವ ಒಬ್ಬ ಆಟಗಾರನೂ ಒಂಟಿಯಾಗಿ ಮುಟ್ಟಲಾಗದಷ್ಟು ದೊಡ್ಡದು. ದೂತ ಹೇಳಿದ ‘ಉಳಿದವರೆಲ್ಲ ನೋಡುತ್ತಿರುತ್ತಾರೆ’ ಎಂಬ ಮಾತಿಗೆ ಆಗ ಹಲ್ಲು ಬರುತ್ತದೆ. ಮೂರು ಮಧ್ಯಮ ಗ್ರಹಗಳನ್ನು ಬಲವಂತವಾಗಿ ಹಿಡಿದವನ ಮೇಲೆ ಉದಾಸೀನ ಲೋಕ ಕಣ್ಣು ತೆರೆಯಲಿ. ಅದು ಮೊದಲೇ ಬರೆದ ನಿಯಮವಾಗಿರಲಿ, ಗಡಿಕಾವಲು ಅವರ ಮಾತಿನಂತೆ.

ನಕ್ಷೆಗಾರ

ಒಂದು ತಿಂಗಳು ಸುಮ್ಮನಿದ್ದೆ. ನಾಲ್ವರನ್ನು ಕೂರಿಸಿಕೊಂಡು, 40 ಗ್ರಹಗಳ ಚಿಕ್ಕ ನಕ್ಷೆಯಲ್ಲಿ 12 ಸುತ್ತು ಆಡಿಸಿ ನೋಡಿದೆ. ಹೇಗೆ ಮಾಡಿದೆ ಎಂದು ಹೇಳುತ್ತೇನೆ.

ಹತ್ತು ತಟಸ್ಥ ಗ್ರಹಗಳು, ಎಂಟು ಕನಿಷ್ಠ ಇಬ್ಬರಿಗೆ ನಿಲುಕುವಂಥವು. ಪ್ರತಿ ಗ್ರಹಕ್ಕೂ ಒಂದು ಚೀಟಿ, ಅದರ ಮೇಲೆ ಎರಡೇ ಅಂಕಣ: ವಿಶ್ವಾಸ, ಭಯ. ಪ್ರತಿ ಆಟಗಾರನಿಗೆ ಒಂದೊಂದು ಸಾಲು. ಭಯ ಸುತ್ತಿಗೆ ಒಂದರಂತೆ ತಾನಾಗಿಯೇ ಇಳಿಯುತ್ತದೆ. ವಿಶ್ವಾಸ ತಾನಾಗಿ ಏರುವುದಿಲ್ಲ, ಏನಾದರೂ ಮಾಡಿಯೇ ಗಳಿಸಬೇಕು. ಮೊದಲು ಆರು ಅಂಕಣ ಹಾಕಿದ್ದೆ, ಎರಡನೆಯ ಸುತ್ತಿಗೇ ನನ್ನ ಸಂಜೆಯೆಲ್ಲ ಅದರಲ್ಲೇ ಕಳೆಯುತ್ತಿತ್ತು. ಎರಡು ಸಾಕು. ಲೆಕ್ಕಿಗರ ನಾಣ್ಯದ ಲೆಕ್ಕವನ್ನು ಹಾಗೆಯೇ ತೆಗೆದುಕೊಂಡೆ.

ನಾಲ್ಕನೆಯ ಸುತ್ತಿಗೆ ಮೂರು ಗ್ರಹಗಳು ಬಿದ್ದವು, ನಾಲ್ಕು ಒಪ್ಪಂದಕ್ಕೆ ಬಂದವು, ಮೂರು ಯಾರ ಕೈಗೂ ಸಿಗಲಿಲ್ಲ. ಆ ಮೂರರಲ್ಲಿ ಒಂದು ಗ್ರಹ 17, ಮೂರು ದಾರಿಗಳು ಕೂಡುವ ಜಾಗ.

ಒಂಬತ್ತನೆಯ ಸುತ್ತಿನಲ್ಲಿ ಒಬ್ಬ ಆಟಗಾರನ ದೊಡ್ಡ ನೌಕೆಯೊಂದು ಎಂಜಿನ್ ಕೆಟ್ಟು ಅಲ್ಲಿಗೆ ಬಂದು ಸೇರಿತು. ದೂತ ಹೇಳಿದ ಬಂದರಿನ ನಿಯಮ ಹಾಕಿದ್ದೆ: ಒಂದು ಸುತ್ತು ತಂಗಬಹುದು, ಎಂಜಿನ್ ದುರಸ್ತಿಗೆ ಇನ್ನೊಂದು ಸುತ್ತು, ಫಿರಂಗಿ ಮುಟ್ಟುವಂತಿಲ್ಲ. ಹೊರಗೆ ಎದುರಾಳಿಯ ಮೂರು ನೌಕೆಗಳು. ಆ ಎದುರಾಳಿ ಹತ್ತನೆಯ ಸುತ್ತಿನಲ್ಲಿ ಏನು ಮಾಡಿದರೆಂದರೆ, ಮೊದಲೇ ಅಲ್ಲಿ ಲಂಗರು ಹಾಕಿದ್ದ ತಮ್ಮ ಸರಕು ನೌಕೆಯನ್ನು ಹೊರಡಿಸಿದರು. ನಿಯಮದಂತೆ ಒಳಗಿರುವ ನೌಕೆ ಇನ್ನೊಂದು ಸುತ್ತು ಕಾಯಬೇಕಾಯಿತು. ಅಷ್ಟರಲ್ಲಿ ಮೂರು ನೌಕೆಗಳು ಐದಾದವು. ಈ ಚರ್ಚೆ ಅವರು ಓದಿಲ್ಲ, ನಿಯಮಪುಸ್ತಕ ಓದಿದ್ದರು. ನನ್ನ ಆಟದಲ್ಲಿ ತಟಸ್ಥ ಗ್ರಹದ ಪುಟವನ್ನು ಒಬ್ಬರು ಓದಿ ಬಂದದ್ದು ಇದೇ ಮೊದಲು. ಆ ಆದೇಶದ ಚೀಟಿಯನ್ನು ನಾನು ಎತ್ತಿಟ್ಟುಕೊಂಡಿದ್ದೇನೆ.

ಸಿಕ್ಕಿಬಿದ್ದವರು ಗ್ರಹದ ಮಂಡಳಿಗೆ ಪತ್ರ ಬರೆದು ಆಶ್ರಯ ಕೇಳಿದರು, ನೌಕೆಯ ಅರ್ಧ ಸರಕು ಕೊಡುತ್ತೇನೆಂದರು. ಚೀಟಿ ತೆಗೆದು ನೋಡಿದೆ. ಐದನೆಯ ಸುತ್ತಿನಲ್ಲಿ ಅವರೇ ಅಲ್ಲಿನ ಒಂದು ಸರಕು ನೌಕೆಯನ್ನು ತಡೆದು ನಿಲ್ಲಿಸಿದ್ದರು, ಆಗ ವಿಶ್ವಾಸ ಎರಡು ಇಳಿದಿತ್ತು, ಅದನ್ನು ಸರಿಪಡಿಸಲು ಯಾರೂ ಹೋಗಿರಲಿಲ್ಲ. ಮಂಡಳಿ ಒಲ್ಲೆ ಎಂದಿತು. ಅವರಿಗೆ ಬೇಸರವಾಯಿತು, ಆದರೆ ಏಕೆ ಹೀಗಾಯಿತು ಎಂದು ಕೇಳಲಿಲ್ಲ. ಏಕೆಂದು ಅವರಿಗೇ ಗೊತ್ತಿತ್ತು.

ಒಂದು ತೊಡಕು ಉಳಿದಿದೆ. ಇಬ್ಬರು ಆಟಗಾರರು ಒಂದೇ ಸುತ್ತಿನಲ್ಲಿ ಒಂದೇ ಗ್ರಹದ ಮೇಲೆ ದಾಳಿಗೆ ಬಂದರೆ ಕಾವಲು ಯಾರ ಜೊತೆ ಹೋರಾಡಬೇಕು?

ಲೆಕ್ಕಿಗ

ಭಯ ಹೆಚ್ಚಿರುವವನ ವಿರುದ್ಧ, ಭಯ ಸಮವಾಗಿದ್ದರೆ ವಿಶ್ವಾಸ ಕಡಿಮೆ ಇರುವವನ ವಿರುದ್ಧ. ಇನ್ನೊಬ್ಬನ ಪಡೆಯನ್ನು ಮೊದಲ ಹಂತದಲ್ಲಿ ಕಾವಲು ಮುಟ್ಟುವುದಿಲ್ಲ. ಚೀಟಿಯಲ್ಲಿ ಎರಡೂ ಸಂಖ್ಯೆ ಇರುವುದರಿಂದ ನೀವು ಏನನ್ನೂ ತೀರ್ಮಾನಿಸಬೇಕಿಲ್ಲ.

ದೂತ

ಅದರ ಜೊತೆಗೆ ಇದನ್ನೂ ಸೇರಿಸಿ: ದಾಳಿಗೆ ಬಂದ ಇಬ್ಬರಲ್ಲಿ ಒಬ್ಬನು ರಕ್ಷಿಸಲು ಬಂದೆ ಎಂದು ಆ ಸುತ್ತಿನ ಆದೇಶದಲ್ಲೇ ಬರೆದಿದ್ದರೆ ಕಾವಲು ಅವನ ಜೊತೆ ಸೇರುತ್ತದೆ. ಗೆದ್ದ ಮೇಲೆ ಅವನು ಮುಂದಿನ ಸುತ್ತಿನಲ್ಲಿ ಹೊರಡಬೇಕು. ಹೊರಡದಿದ್ದರೆ ಹತ್ತೂ ಗ್ರಹಗಳಲ್ಲಿ ಅವನ ವಿಶ್ವಾಸ ಸೊನ್ನೆ.

ನಕ್ಷೆಗಾರ

ಎರಡನ್ನೂ ಬರೆದುಕೊಂಡೆ. ಎಂಟು ಜನರ ಆಟ ಮುಂದಿನ ವಾರ ಶುರು. ಹೊಸ ನಕ್ಷೆಯಲ್ಲಿ 36ರಲ್ಲಿ 28 ಗ್ರಹಗಳು ಇಬ್ಬರಿಗೆ ಅಥವಾ ಹೆಚ್ಚು ಜನರಿಗೆ ನಿಲುಕುತ್ತವೆ, ಅಂಚಿನಲ್ಲಿ ಎರಡು ಉದಾಸೀನ ಲೋಕಗಳಿವೆ. ಚಿಕ್ಕ ನಕ್ಷೆಯ ಆಟವನ್ನೂ ಆ ನಾಲ್ವರು ನಿಲ್ಲಿಸಲು ಒಪ್ಪುತ್ತಿಲ್ಲ. ಗ್ರಹ 17ರ ಮಂಡಳಿ ಎರಡೂ ಕಡೆಯವರಿಗೆ ನಿನ್ನೆ ಒಂದೇ ಪತ್ರ ಕಳುಹಿಸಿದೆ: ತನ್ನ ಆಕಾಶದಲ್ಲಿ ಕಾದಾಡುವಂತಿಲ್ಲ, ಮಾತಾಡುವುದಾದರೆ ಇಲ್ಲೇ ಬಂದು ಕುಳಿತುಕೊಳ್ಳಿ. ಉತ್ತರ ಶುಕ್ರವಾರದೊಳಗೆ ಬರಬೇಕು.